ಕ್ರಿಕೆಟ್ ಆಡುವ ರೀತಿ, ನಡೆಸುವ ರೀತಿ ಎರಡನ್ನೂ ಬದಲಿಸಿದ ಸರಣಿ ಯಾವುದು? ಒಂದೇ ಹೆಸರು ಹೇಳಿ

ಮಧ್ಯಮ ವೇಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಫೀಸಿನ ಕ್ಯಾಂಟೀನಿನಲ್ಲಿ ಶುರುವಾದ ಜಗಳವನ್ನು ಇಲ್ಲಿಗೆ ತಂದಿದ್ದೇನೆ. ಕ್ರಿಕೆಟ್ಟನ್ನೇ ಬದಲಿಸಿದ ಸರಣಿ ಯಾವುದು ಅಂತ ಮಾತು ಬಂತು. ಒಬ್ಬ 2001ರ ಭಾರತ–ಆಸ್ಟ್ರೇಲಿಯಾ ಅಂದ. ಈಡನ್‌ನಲ್ಲಿ ಲಕ್ಷ್ಮಣ್ 281, ದ್ರಾವಿಡ್ 180. ಯಾರಿಗೆ ಇಷ್ಟ ಇಲ್ಲ ಹೇಳಿ. ಇನ್ನೊಬ್ಬ 2005ರ ಆ್ಯಷಸ್ (ಇಂಗ್ಲೆಂಡ್–ಆಸ್ಟ್ರೇಲಿಯಾ ಸರಣಿ) ಅಂದ.

ನನ್ನ ತಕರಾರು ಇಷ್ಟೇ. ಎರಡೂ ಒಳ್ಳೆಯ ಸರಣಿಗಳು, ಒಪ್ಪಿದೆ. ಆದರೆ ಮುಗಿದ ಮೇಲೆ ಆಟದ ನಿಯಮ ಬದಲಾಯಿತಾ? ಬೋರ್ಡಿನವರ ಲೆಕ್ಕದ ಪುಸ್ತಕ ಬದಲಾಯಿತಾ? ಮುಂದಿನ ಸರಣಿಗೂ ಅದೇ ಚೆಂಡು, ಅದೇ ಬಟ್ಟೆ, ಅದೇ ಯಜಮಾನರು. ನನಗೆ ಬೇಕಾಗಿರುವುದು ಬ್ಯಾಟ್ಸ್‌ಮನ್ ತಲೆ ಮೇಲಿನ ಟೋಪಿಯಿಂದ ಹಿಡಿದು ಬೋರ್ಡಿನ ಕುರ್ಚಿವರೆಗೆ ಎಲ್ಲವನ್ನೂ ಅಲ್ಲಾಡಿಸಿದ ಸರಣಿ.

ಐಪಿಎಲ್ ಅನ್ನಬೇಡಿ. ಅದು ಸರಣಿ ಅಲ್ಲ ಅಂತ ಆಗಲೇ ಅರ್ಧ ಗಂಟೆ ಗಲಾಟೆ ಆಗಿದೆ. ಕಾರಣ ಸಮೇತ ಒಂದೇ ಹೆಸರು ಹೇಳಿ.

ಗೂಗ್ಲಿ ಗೌಡ:

1932–33ರ ಬಾಡಿಲೈನ್, ಅಂದರೆ ಆಸ್ಟ್ರೇಲಿಯಾದಲ್ಲಿ ಇಂಗ್ಲೆಂಡ್ ಆಡಿದ ಸರಣಿ. ಬೇರೆ ಮಾತೇ ಇಲ್ಲ.

ಆಸ್ಟ್ರೇಲಿಯಾದ ಬ್ರಾಡ್ಮನ್‌ನನ್ನು ಕಟ್ಟಿಹಾಕಲು ಇಂಗ್ಲೆಂಡ್ ಕ್ಯಾಪ್ಟನ್ ಜಾರ್ಡಿನ್ ಲೆಗ್ ಸೈಡ್ (ಬ್ಯಾಟ್ಸ್‌ಮನ್ ಕಾಲಿನ ಕಡೆ) ತುಂಬಾ ಫೀಲ್ಡರುಗಳನ್ನು ನಿಲ್ಲಿಸಿ, ವೇಗಿ ಲಾರ್ವುಡ್ ಕೈಯಲ್ಲಿ ಮೈಮೇಲೆ ಚೆಂಡು ಹಾಕಿಸಿದ. ಲಾರ್ವುಡ್‌ಗೆ 33 ವಿಕೆಟ್. ಆ ಸರಣಿಯಲ್ಲಿ ಬ್ರಾಡ್ಮನ್ ಸರಾಸರಿ 56ಕ್ಕೆ ಇಳಿಯಿತು (ಬೇರೆಯವರಿಗೆ ಅದೇ ಹಬ್ಬ, ಬಿಡಿ). ಅಡಿಲೇಡ್‌ನಲ್ಲಿ ವಿಕೆಟ್ ಕೀಪರ್ ಓಲ್ಡ್‌ಫೀಲ್ಡ್ ತಲೆಬುರುಡೆ ಬಿರುಕು ಬಿಟ್ಟಿತು. ಎರಡೂ ಬೋರ್ಡುಗಳು ಟೆಲಿಗ್ರಾಮಿನಲ್ಲೇ ಜಗಳಕ್ಕೆ ನಿಂತವು. ಇವತ್ತು ಲೆಗ್ ಸೈಡಿನಲ್ಲಿ ಸ್ಕ್ವೇರ್ ಹಿಂದೆ (ಬ್ಯಾಟ್ಸ್‌ಮನ್ ನಿಂತ ಗೆರೆಯ ಹಿಂಭಾಗದಲ್ಲಿ) ಇಬ್ಬರಿಗಿಂತ ಜಾಸ್ತಿ ಫೀಲ್ಡರುಗಳನ್ನು ನಿಲ್ಲಿಸುವ ಹಾಗಿಲ್ಲ ಅಲ್ವಾ? ಅದರ ಬೇರು ಇಲ್ಲೇ ಇದೆ.

ರೇಡಿಯೊ ಮೆಕ್ಯಾನಿಕ್, ದಾವಣಗೆರೆ:

ಗೌಡ್ರೇ, ಬಾಡಿಲೈನ್ ದೊಡ್ಡದೇ. ಆದರೆ ಅದಾದ ಮೇಲೂ ಆಟ ನಡೆಸಿದವರು ಅದೇ ಸಾಹೇಬರು. ಕ್ಯಾಪ್ಟನ್ ಹೇಳಿದ ಹಾಗೆ ಬೌಲಿಂಗ್ ಮಾಡಿದ ಲಾರ್ವುಡ್, ಗಣಿ ಕೆಲಸದಿಂದ ಬಂದ ಮನುಷ್ಯ, ಕ್ಷಮೆ ಕೇಳಲು ಒಪ್ಪದೆ ಮತ್ತೆ ಇಂಗ್ಲೆಂಡ್ ಪರ ಆಡಲೇ ಇಲ್ಲ. ಜಾರ್ಡಿನ್ ಮುಂದಿನ ವರ್ಷ ಕ್ಯಾಪ್ಟನ್ ಆಗಿಯೇ ಭಾರತಕ್ಕೆ ಬಂದ. ಯಜಮಾನ ಯಾರು, ಆಳು ಯಾರು ಅನ್ನುವುದು ಒಂದಿಂಚೂ ಕದಲಲಿಲ್ಲ.

ನನ್ನ ಓಟು 1977–78ರ ಆಸ್ಟ್ರೇಲಿಯಾ ಬೇಸಿಗೆಗೆ. ಕೆರಿ ಪ್ಯಾಕರ್‌ನ ವರ್ಲ್ಡ್ ಸೀರೀಸ್ ಕ್ರಿಕೆಟ್. ಈ ಹೆಸರು ಇಲ್ಲಿ ಯಾರಾದರೂ ಹೇಳೇ ಹೇಳುತ್ತಿದ್ದರು. ಆದರೆ ಎಲ್ಲರೂ ಅರ್ಧ ಕಥೆ ಹೇಳುತ್ತಾರೆ. ಆ ಬೇಸಿಗೆಯಲ್ಲಿ ಅಲ್ಲಿ ನಡೆದದ್ದು ಎರಡು ಸರಣಿ. ಒಂದು ಪ್ಯಾಕರ್‌ದು. ಇನ್ನೊಂದು ನಮ್ಮದು, ಬೇಡಿ ಕ್ಯಾಪ್ಟನ್ ಆಗಿದ್ದ ಭಾರತದ ಪ್ರವಾಸ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದಿದ್ದರೆ ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ಗೊತ್ತಾಗುವುದಿಲ್ಲ.

ನಾನಾಗ ರೇಡಿಯೊ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಮೆಲ್ಬರ್ನ್‌ನಲ್ಲಿ ಹನ್ನೊಂದು ಗಂಟೆಗೆ ಆಟ ಶುರು ಅಂದರೆ ನಮಗೆ ಬೆಳಗಿನ ಜಾವ ಐದೂವರೆ. ಸಾಹುಕಾರ್ರಿಗೆ ಕ್ರಿಕೆಟ್ ಹುಚ್ಚು. ಷಟರ್ ಅರ್ಧ ಎತ್ತಿ, ದೊಡ್ಡ ವಾಲ್ವ್ ಸೆಟ್ ಹಾಕಿ, ಅದು ಕಾಯುವವರೆಗೆ ಟೀ ತರಿಸುತ್ತಿದ್ದರು. ಮಾಳಿಗೆ ಮೇಲೆ ಎರಡು ಬಿದಿರು ನೆಟ್ಟು ಜಾಲರಿ ಏರಿಯಲ್ ಕಟ್ಟಿದ್ದೆವು. ಷಾರ್ಟ್‌ವೇವ್‌ನಲ್ಲಿ ರೇಡಿಯೊ ಆಸ್ಟ್ರೇಲಿಯಾ ಹಿಡಿಯಬೇಕು. ಮುಳ್ಳು ಕೂದಲೆಳೆಯಷ್ಟು ಆಚೆ ಹೋದರೆ ಚೀನಾ ಸ್ಟೇಷನ್ನು. ಕಾಮೆಂಟರಿ ಹೇಳುವ ಅಲನ್ ಮೆಕ್‌ಗಿಲ್ವ್ರೆ ದನಿ ಒಮ್ಮೆ ಹತ್ತಿರ ಬರುತ್ತಿತ್ತು, ಒಮ್ಮೆ ಬಾವಿಗೆ ಇಳಿಯುತ್ತಿತ್ತು. ಸರಿಯಾಗಿ ವಿಕೆಟ್ ಬೀಳುವ ಹೊತ್ತಿಗೇ ಬಾವಿಗೆ! ಇನ್ನೊಂದು ಮಾತು: ನಾವು ಕೇಳಿದ್ದೆಲ್ಲ ಬೋರ್ಡಿನ ಮ್ಯಾಚು. ಅದೇ ದೇಶದಲ್ಲಿ ಅದೇ ಹೊತ್ತಿಗೆ ಲಿಲ್ಲಿ, ವಿವ್ ರಿಚರ್ಡ್ಸ್ ಆಡುತ್ತಿದ್ದ ಮ್ಯಾಚಿನ ಒಂದು ಚೆಂಡೂ ನಮ್ಮ ಕಿವಿಗೆ ಬೀಳಲಿಲ್ಲ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಪ್ಯಾಕರ್‌ಗೆ ಚಾನೆಲ್ ನೈನ್ ಅಂತ ಟಿವಿ ಕಂಪನಿ. ಕ್ರಿಕೆಟ್ ತೋರಿಸುವ ಹಕ್ಕು ಕೊಡಿ, ಮೂರು ವರ್ಷಕ್ಕೆ 15 ಲಕ್ಷ ಡಾಲರ್ ಕೊಡುತ್ತೇನೆ ಅಂತ 1976ರಲ್ಲಿ ಆಸ್ಟ್ರೇಲಿಯಾ ಬೋರ್ಡಿನ ಬಾಗಿಲಿಗೆ ಹೋದ. ಎಬಿಸಿ ಕೊಡುತ್ತಿದ್ದದ್ದು ಅದರ ಮುಂದೆ ಏನೇನೂ ಅಲ್ಲ. ಎಬಿಸಿ ಅಂದರೆ ನಮ್ಮ ದೂರದರ್ಶನ ಇದ್ದ ಹಾಗೆ, ಸರ್ಕಾರಿ. ಬೋರ್ಡಿನವರು ಹಳೇ ಸ್ನೇಹ ಅಂತ ಎಬಿಸಿಗೇ ಕೊಟ್ಟರು. ಹಕ್ಕು ಸಿಗದಿದ್ದರೆ ಆಟಗಾರರನ್ನೇ ತಗೊಳ್ಳೋಣ ಅಂತ ಪ್ಯಾಕರ್ ಒಳಗೊಳಗೇ ಸಹಿ ಹಾಕಿಸಿದ. ಚಾಪೆಲ್ ಅಣ್ಣತಮ್ಮಂದಿರು, ಲಿಲ್ಲಿ, ಮಾರ್ಷ್, ಲಾಯ್ಡ್, ರಿಚರ್ಡ್ಸ್, ಇಮ್ರಾನ್, ಜಹೀರ್ ಅಬ್ಬಾಸ್. ಇಂಗ್ಲೆಂಡ್ ಕ್ಯಾಪ್ಟನ್ ಟೋನಿ ಗ್ರೆಗ್ ತಾನೇ ಏಜೆಂಟ್ ಥರ ಓಡಾಡಿ ಬೇರೆಯವರನ್ನು ಸೇರಿಸಿದ. ನಮ್ಮವರು ಯಾರೂ ಹೋಗಲಿಲ್ಲ. 1977ರ ಮೇನಲ್ಲಿ ಸುದ್ದಿ ಹೊರಬಿತ್ತು. ಹೋದವರಿಗೆಲ್ಲ ನಿಷೇಧ ಅಂತ ಐಸಿಸಿ, ಇಂಗ್ಲೆಂಡ್ ಬೋರ್ಡು ಎರಡೂ ಹೊರಟವು. ಲಂಡನ್ ಹೈಕೋರ್ಟಿನ ಜಸ್ಟೀಸ್ ಸ್ಲೇಡ್ ನವೆಂಬರಿನಲ್ಲಿ ತೀರ್ಪು ಕೊಟ್ಟರು: ದುಡಿದು ತಿನ್ನುವವನ ಕೆಲಸಕ್ಕೆ ಹೀಗೆ ಅಡ್ಡ ಹಾಕುವಂತಿಲ್ಲ.

ಈಗ 1977ರ ಡಿಸೆಂಬರ್ 2ಕ್ಕೆ ಬನ್ನಿ. ಒಂದೇ ದಿನ ಎರಡೂ ಕಡೆ ಆಟ ಶುರು.

ಬ್ರಿಸ್ಬೇನ್‌ನಲ್ಲಿ ಭಾರತದ ಎದುರು ಆಸ್ಟ್ರೇಲಿಯಾ ಕ್ಯಾಪ್ಟನ್ ಬಾಬಿ ಸಿಂಪ್ಸನ್. ವಯಸ್ಸು 41, ಟೆಸ್ಟ್ ಬಿಟ್ಟು ಸುಮಾರು ಹತ್ತು ವರ್ಷ. ಅವನ ತಂಡದಲ್ಲಿ ಆರು ಜನ ಹೊಸಬರು. ಹೆಸರಿದ್ದವನು ಥಾಮ್ಸನ್ ಒಬ್ಬನೇ.

ಮೆಲ್ಬರ್ನ್ ಹೊರಗೆ ವಿಎಫ್‌ಎಲ್ ಪಾರ್ಕಿನಲ್ಲಿ ಪ್ಯಾಕರ್‌ನ ಮೊದಲ ಸೂಪರ್‌ಟೆಸ್ಟ್, ಅಂದರೆ ಟೆಸ್ಟ್ ಥರದ ಅವನದೇ ಮ್ಯಾಚು. ಕ್ರಿಕೆಟ್ ಮೈದಾನಗಳ ಬಾಗಿಲು ಮುಚ್ಚಿದ್ದರಿಂದ ಫುಟ್‌ಬಾಲ್ ಮೈದಾನ. ಅಲ್ಲಿ ಪಿಚ್ಚೇ ಇಲ್ಲ. ಜಾನ್ ಮೇಲಿ ಅಂತ ಒಬ್ಬ ಕ್ಯುರೇಟರ್ ನರ್ಸರಿಯಲ್ಲಿ ಸಸಿ ಬೆಳೆಸಿದ ಹಾಗೆ ಗಾಜಿನಮನೆಯಲ್ಲಿ ಕಾಂಕ್ರೀಟ್ ತೊಟ್ಟಿಗಳಿಗೆ ಮಣ್ಣು ತುಂಬಿ, ಹುಲ್ಲು ಬೆಳೆಸಿದ. ಆ ತೊಟ್ಟಿಗಳನ್ನು ಕ್ರೇನಿನಲ್ಲಿ ಎತ್ತಿ ತಂದು ಮೈದಾನದ ಮಧ್ಯೆ ಇಳಿಸಿದರು. ನಗುವವರು ನಕ್ಕರು. ಇವತ್ತು ಮೆಲ್ಬರ್ನ್‌ನ ದೊಡ್ಡ ಕ್ರಿಕೆಟ್ ಮೈದಾನ ಎಂಸಿಜಿಯಲ್ಲೇ ಆಡುವುದು ಅದೇ ಥರದ ಪಿಚ್ಚಿನಲ್ಲಿ.

ಮೊದಲ ವರ್ಷ ಗೆದ್ದವರು ಯಾರು? ಬೋರ್ಡು! ಇದನ್ನು ಯಾರೂ ಹೇಳುವುದಿಲ್ಲ. ವಿಎಫ್‌ಎಲ್ ಪಾರ್ಕಿನಲ್ಲಿ ಸಾಲುಸಾಲು ಖಾಲಿ ಕುರ್ಚಿ. ಈ ಕಡೆ ಸಿಂಪ್ಸನ್ ಹುಡುಗರು ಮತ್ತು ನಮ್ಮವರು ಎಂಥ ಸರಣಿ ಆಡಿದರು ಅಂದರೆ, ಬ್ರಿಸ್ಬೇನ್ ನಾವು ಸೋತದ್ದು 16 ರನ್ನಿಗೆ. ಪರ್ತ್ ಸೋತದ್ದು 2 ವಿಕೆಟ್ಟಿಗೆ. ಅಲ್ಲಿ ಬೇಡಿ ಹತ್ತು ವಿಕೆಟ್ ತೆಗೆದರೂ ಆಗಲಿಲ್ಲ. ನೈಟ್ ವಾಚ್‌ಮನ್ ಅಂತ (ದಿನದ ಕೊನೆಗೆ ಒಳ್ಳೆ ಬ್ಯಾಟ್ಸ್‌ಮನ್‌ನನ್ನು ಉಳಿಸಲು ಕಳಿಸುವ ಬೌಲರ್) ಬಂದ ಟೋನಿ ಮಾನ್ 105 ಹೊಡೆದ. ಅವತ್ತು ನಮ್ಮ ಸಾಹುಕಾರ್ರು ಮಧ್ಯಾಹ್ನ ಊಟ ಮಾಡಲಿಲ್ಲ.

ಆಮೇಲೆ ಮೆಲ್ಬರ್ನ್. ನಮ್ಮ ಚಂದ್ರಶೇಖರ್ ಮೊದಲ ಇನಿಂಗ್ಸಿನಲ್ಲಿ 52ಕ್ಕೆ 6. ಎರಡನೇ ಇನಿಂಗ್ಸಿನಲ್ಲೂ 52ಕ್ಕೆ 6. ರೇಡಿಯೊದವನು ತಪ್ಪಿ ಹಳೇ ಲೆಕ್ಕ ಓದುತ್ತಿದ್ದಾನೆ ಅಂತ ಅಂಗಡಿಯಲ್ಲಿ ವಾದವೇ ಆಯಿತು. 222 ರನ್ನಿನ ಗೆಲುವು, ಆಸ್ಟ್ರೇಲಿಯಾ ನೆಲದಲ್ಲಿ ನಮ್ಮ ಮೊದಲನೆಯದು. ಸಿಡ್ನಿಯಲ್ಲಿ ಇನಿಂಗ್ಸ್ ಗೆಲುವು. 2–2. ಅಡಿಲೇಡ್‌ನಲ್ಲಿ ಗುರಿ 493, ನಾವು 445ರವರೆಗೆ ಹೋಗಿ ಬಿದ್ದೆವು. ಸರಣಿ 3–2. ನಮ್ಮ ಕಡೆ ಎಲ್ಲರಿಗಿಂತ ಜಾಸ್ತಿ ರನ್ನು ವಿಶ್ವನಾಥ್‌ದು, 473. ಕೀಪರ್ ಕಿರ್ಮಾನಿ, ಬೌಲಿಂಗಿನಲ್ಲಿ ಪ್ರಸನ್ನ ಕೂಡ ಇದ್ದರು. ಕರ್ನಾಟಕದವರೇ ಅರ್ಧ ತಂಡ ಅಂತ ನಾವು ಜಂಬ ಕೊಚ್ಚಿಕೊಂಡೆವು, ಅದು ಬೇರೆ ವಿಷಯ.

ಬೋರ್ಡಿನವರು ನೆಮ್ಮದಿಯಾದರು. ಜನಕ್ಕೆ ಬೇಕಾಗಿರುವುದು ದೇಶದ ಟೆಸ್ಟು, ಸರ್ಕಸ್ಸಲ್ಲ ಅಂದರು. ಅಲ್ಲೇ ಎಡವಿದ್ದು. ಅವರನ್ನು ಉಳಿಸಿದ್ದು ಟೆಸ್ಟ್ ಅನ್ನುವ ಹೆಸರಲ್ಲ, ಆ ವರ್ಷ ಎದುರಿಗೆ ಸಿಕ್ಕ ಬೇಡಿ, ಚಂದ್ರ, ವಿಶಿ. ಮುಂದಿನ ವರ್ಷ ಬ್ರೇರ್ಲಿಯ ಇಂಗ್ಲೆಂಡ್ ಬಂದು ಆ ಹುಡುಗರನ್ನೇ 5–1ರಿಂದ ಒಗೆದು ಹಾಕಿತು. ಜನ ಬರುವುದು ಬಿಟ್ಟರು.

ಪ್ಯಾಕರ್‌ಗೆ ಅಷ್ಟರಲ್ಲಿ ಸಿಡ್ನಿ ಕ್ರಿಕೆಟ್ ಮೈದಾನವೇ ಸಿಕ್ಕಿತ್ತು. 1978ರ ನವೆಂಬರ್ 28. ಹೊಸ ದೀಪದ ಕಂಬ, ಆಸ್ಟ್ರೇಲಿಯಾ–ವೆಸ್ಟ್ ಇಂಡೀಸ್. ಕ್ಯೂ ಕರಗಲಿಲ್ಲ, ಗೇಟು ತೆಗೆದುಬಿಡಿ ಅಂದ ಪ್ಯಾಕರ್. ಹತ್ತಿರ ಹತ್ತಿರ 50,000 ಜನ. ಹಗಲು ಕೆಲಸಕ್ಕೆ ಹೋಗುವ ಮನುಷ್ಯ ಸಂಜೆ ಹೆಂಡತಿ ಮಕ್ಕಳ ಜೊತೆ ಬಂದು ಕೂತ. ಬೋರ್ಡಿನವರಿಗೆ ಇಂಥ ಗಿರಾಕಿ ಇದ್ದಾನೆ ಅಂತಲೇ ಗೊತ್ತಿರಲಿಲ್ಲ.

ಈಗ ನನ್ನ ಕಸುಬಿನ ಕಣ್ಣಲ್ಲಿ ನೋಡಿ. ಇವತ್ತಿನ ಒನ್‌ಡೇಯಲ್ಲಿ ನೋಡುವುದೆಲ್ಲ ಟಿವಿ ಪೆಟ್ಟಿಗೆಗೆ ಬೇಕಾಗಿ ಹುಟ್ಟಿದ್ದು. ಮೊದಲು ಕ್ಯಾಮೆರಾ ಒಂದೇ ತುದಿಯಲ್ಲಿ ಇರುತ್ತಿತ್ತು. ಒಂದು ಓವರ್ ಬ್ಯಾಟ್ಸ್‌ಮನ್ ಮುಖ, ಮುಂದಿನ ಓವರ್ ಅವನ ಬೆನ್ನು. ನೈನ್‌ನವರು ಎರಡೂ ತುದಿಗೆ ಇಟ್ಟರು. ದೀಪದ ಬೆಳಕಿನಲ್ಲಿ ಕೆಂಪು ಚೆಂಡು ಸರಿಯಾಗಿ ಕಾಣುವುದಿಲ್ಲ, ಬಿಳಿ ಬಂತು. ಬಿಳಿ ಚೆಂಡಿಗೆ ಬಿಳಿ ಬಟ್ಟೆ ಸರಿಹೋಗುವುದಿಲ್ಲ, ಬಣ್ಣದ ಬಟ್ಟೆ ಬಂತು. ಪಾಪ, ವೆಸ್ಟ್ ಇಂಡೀಸ್‌ನವರಿಗೆ ಗುಲಾಬಿ ಬಣ್ಣ ಕೊಟ್ಟಿದ್ದರು! ಇಷ್ಟು ಫೀಲ್ಡರುಗಳು ಒಳಗೇ ಇರಬೇಕು ಅನ್ನುವ ಮೂವತ್ತು ಗಜದ ಸರ್ಕಲ್ಲೂ ಅಲ್ಲಿಂದಲೇ.

ಹೆಲ್ಮೆಟ್ ಮಾತ್ರ ಟಿವಿಯಿಂದ ಬಂದದ್ದಲ್ಲ, ಭಯದಿಂದ. ಎಲ್ಲ ದೇಶದ ವೇಗಿಗಳು ಒಂದೇ ಕಡೆ ಸೇರಿದ್ದರು. ಡೆನಿಸ್ ಅಮಿಸ್ ಮೋಟರ್‌ಸೈಕಲ್ ಹೆಲ್ಮೆಟ್ ಥರದ್ದನ್ನು ಹಾಕಿಕೊಂಡು ಇಳಿದ. 1977ರ ಡಿಸೆಂಬರಿನಲ್ಲಿ ಆ್ಯಂಡಿ ರಾಬರ್ಟ್ಸ್ ಬೌನ್ಸರ್ ಡೇವಿಡ್ ಹುಕ್ಸ್ ದವಡೆ ಮುರಿಯಿತು. ಆಮೇಲೆ ಯಾರೂ ನಗಲಿಲ್ಲ. 1978ರ ಮಾರ್ಚಿನಲ್ಲಿ ಬ್ರಿಜ್‌ಟೌನ್‌ನಲ್ಲಿ ಗ್ರಹಾಂ ಯಾಲಪ್ ಹೆಲ್ಮೆಟ್ ಹಾಕಿ ಟೆಸ್ಟ್ ಆಡಿದ, ಅವನೇ ಮೊದಲಿಗ.

1979ರ ಮೇನಲ್ಲಿ ರಾಜಿ ಆಯಿತು. ಚಾನೆಲ್ ನೈನ್‌ಗೆ ಪ್ರಸಾರದ ಹಕ್ಕು. ಆಟವನ್ನು ಮಾರಾಟ ಮಾಡುವ ಕೆಲಸ ಹತ್ತು ವರ್ಷಕ್ಕೆ ಪ್ಯಾಕರ್‌ನದೇ ಇನ್ನೊಂದು ಕಂಪನಿಗೆ. ಆಟಗಾರರಿಗೆ ಸಂಬಳ ಏರಿತು. ಬೋರ್ಡಿನ ಬೋರ್ಡು ಉಳಿಯಿತು, ವೇಳಾಪಟ್ಟಿ ಟಿವಿಯವರ ಕೈಗೆ ಹೋಯಿತು.

ಧಾರವಾಡ ವಕೀಲೆ:

ಕಾಕಾ, ಓದಿ ಖುಷಿ ಆಯಿತು. ಆದರೆ ನಮ್ಮ ದೇಶದ ಮಟ್ಟಿಗೆ ನನ್ನ ಓಟು 1993ರ ಹೀರೊ ಕಪ್‌ಗೆ. ಟೂರ್ನಿ ಅಂತ ಬೈಯಬೇಡಿ.

ಎಲ್ಲರಿಗೂ ನೆನಪಿರುವುದು ಸೆಮಿಫೈನಲ್‌ನ ಕೊನೇ ಓವರ್. ಎದುರಾಳಿಗೆ ಗೆಲ್ಲಲು 6 ಬೇಕಿದ್ದಾಗ ತೆಂಡೂಲ್ಕರ್ ಬರೀ 3 ಕೊಟ್ಟದ್ದು. ಇಲ್ಲಾಂದ್ರೆ ಫೈನಲ್‌ನಲ್ಲಿ ನಮ್ಮ ಕುಂಬ್ಳೆ 12ಕ್ಕೆ 6. ನನಗೆ ನೆನಪಿರುವುದು ಕೇಸು. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಟಿಡಬ್ಲ್ಯುಐ ಅನ್ನುವ ವಿದೇಶಿ ಕಂಪನಿಗೆ ಮಾರಿತು. ಅದಕ್ಕೆ ಸ್ವಲ್ಪ ಹಿಂದಿನವರೆಗೂ ಮ್ಯಾಚ್ ತೋರಿಸಲು ದೂರದರ್ಶನಕ್ಕೇ ದುಡ್ಡು ಕೊಡುವ ಕಾಲ! ಸರ್ಕಾರ ಒಪ್ಪಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ ಹಿಡಿದು ಅಲೆಗಳ ಮೇಲೆ ಹಕ್ಕು ನಮ್ಮದೇ ಅಂದಿತು. ಕಸ್ಟಮ್ಸ್‌ನವರು ಕ್ಯಾಮೆರಾ ಸಾಮಾನು ತಡೆದರು. ಮ್ಯಾಚ್ ನಡೆಯುತ್ತಿರುವಾಗಲೇ ಕೋರ್ಟಿನಲ್ಲಿ ಓಡಾಟ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಅಲೆಗಳು ಸಾರ್ವಜನಿಕ ಆಸ್ತಿ, ಅದರ ಮೇಲೆ ಸರ್ಕಾರದ ಏಕಸ್ವಾಮ್ಯ ಇಲ್ಲ. ಖಾಸಗಿಯವರ ಏಕಸ್ವಾಮ್ಯವೂ ಬೇಡ, ಒಂದು ಸ್ವತಂತ್ರ ಪ್ರಾಧಿಕಾರ ಮಾಡಿ ಅಂತಲೂ ಹೇಳಿತು. ಮೊದಲ ಅರ್ಧ ಎಲ್ಲರೂ ಹಿಡಿದುಕೊಂಡರು, ಎರಡನೇ ಅರ್ಧ ಕಡತದಲ್ಲಿದೆ.

ಇವತ್ತು ಬಿಸಿಸಿಐ ಹತ್ತಿರ ಇರುವ ದುಡ್ಡಿನ ಮೂಲ ಹುಡುಕುತ್ತಾ ಹೋದರೆ ಆ ಕಡತಕ್ಕೇ ಬಂದು ನಿಲ್ಲುತ್ತೀರಿ.

ಮಧ್ಯಮ ವೇಗಿ:

ಮೆಕ್ಯಾನಿಕ್ ಅಣ್ಣಾ, ನೀವು ಗೆದ್ದಿರಿ ಅನ್ನಬೇಕು ಅಂತ ಬಂದೆ, ವಕೀಲಮ್ಮ ಗೊಂದಲ ಮಾಡಿದರು. ಒಂದು ಡೌಟು. ಪ್ಯಾಕರ್ ಮಾಡಿದ್ದನ್ನೇ ನಮ್ಮಲ್ಲಿ ಐಸಿಎಲ್‌ನವರು (ಇಂಡಿಯನ್ ಕ್ರಿಕೆಟ್ ಲೀಗ್) ಮಾಡಿದರಲ್ಲಾ, ಅವರು ಯಾಕೆ ಮುಳುಗಿದರು? ಮತ್ತೆ ಆ ಸೂಪರ್‌ಟೆಸ್ಟ್‌ಗಳ ರನ್ನು, ವಿಕೆಟ್ಟು ದಾಖಲೆಗೆ ಸೇರಿವೆಯಾ?

ರೇಡಿಯೊ ಮೆಕ್ಯಾನಿಕ್, ದಾವಣಗೆರೆ:

ವಕೀಲಮ್ಮ ಹೇಳಿದ್ದು ಸತ್ಯ. ದುಡ್ಡಿನ ವಿಷಯಕ್ಕೆ ನಮ್ಮಲ್ಲಿ ಅದೇ ತಿರುವು. ಅದಾದ ಮೇಲೆ ನನ್ನ ಅಂಗಡಿಯಲ್ಲಿ ರೇಡಿಯೊ ರಿಪೇರಿಗೆ ತರುವವರೇ ಕಮ್ಮಿಯಾದರು, ಕೇಬಲ್ ಸರಿ ಬರುತ್ತಿಲ್ಲ ಅಂತ ಟಿವಿ ಹೊತ್ತು ತರುವವರು ಜಾಸ್ತಿ. ಆದರೆ ಹೀರೊ ಕಪ್‌ನಿಂದ ಆಟದ ಒಳಗೆ ಏನೂ ಬದಲಾಗಲಿಲ್ಲ ಅಲ್ವಾ? ತಮ್ಮ ಕೇಳಿದ್ದು ಎರಡೂ ಬದಲಾದದ್ದು.

ಐಸಿಎಲ್ ವಿಷಯ. ಶುರುವಾದ ರೀತಿ ಒಂದೇ. ಪ್ರಸಾರದ ಹಕ್ಕು ಕೈಗೆ ಬಾರದ ಜೀ ಟಿವಿಯವರು 2007ರಲ್ಲಿ ತಮ್ಮದೇ ಲೀಗ್ ಮಾಡಿದರು. ಆದರೆ ಪ್ಯಾಕರ್ ಹತ್ತಿರ ಆ ಹೊತ್ತಿನ ಅತಿ ದೊಡ್ಡ ಆಟಗಾರರಿದ್ದರು. ಐಸಿಎಲ್‌ಗೆ ಹೋದವರು ಹೆಚ್ಚಾಗಿ ನಿವೃತ್ತರು, ಇಲ್ಲಾ ತಂಡದಲ್ಲಿ ಜಾಗ ಸಿಗದ ಹುಡುಗರು. ತೆಂಡೂಲ್ಕರ್, ದ್ರಾವಿಡ್, ಕುಂಬ್ಳೆ, ಧೋನಿ ಯಾರೂ ಹೋಗಲಿಲ್ಲ. ಎರಡನೆಯದು, 1977ರ ಆಸ್ಟ್ರೇಲಿಯಾ ಬೋರ್ಡು ಬಾಗಿಲು ಮುಚ್ಚಿತೇ ಹೊರತು ಪ್ಯಾಕರ್‌ನ ಐಡಿಯಾ ನೋಡಿ ನಕ್ಕು ಸುಮ್ಮನಾಯಿತು. ಬಿಸಿಸಿಐ ನಗಲಿಲ್ಲ. ಹೋದವರಿಗೆ ನಿಷೇಧ ಹಾಕಿತು, ಮೈದಾನ ಕೊಡಲಿಲ್ಲ, ಅದೇ ಐಡಿಯಾ ಎತ್ತಿಕೊಂಡು ಹತ್ತು ಪಟ್ಟು ದೊಡ್ಡದಾಗಿ 2008ರ ಏಪ್ರಿಲ್ 18ಕ್ಕೆ ನಮ್ಮ ಚಿನ್ನಸ್ವಾಮಿಯಲ್ಲೇ ಐಪಿಎಲ್ ಶುರು ಮಾಡಿತು. (ಮೆಕಲಮ್ 158, ನಮ್ಮ ಆರ್‌ಸಿಬಿ 82ಕ್ಕೆ ಆಲೌಟ್. ಮುಂದೆ ಬರೆಯಲು ಮನಸ್ಸಿಲ್ಲ.) 2009ರಲ್ಲಿ ಐಸಿಎಲ್ ಹುಡುಗರಿಗೆ ಮಾಫಿ ಕೊಟ್ಟು ವಾಪಸ್ ಕರೆದರು. ಪ್ಯಾಕರ್‌ನ ಪಾಠವನ್ನು ಸರಿಯಾಗಿ ಓದಿದವರು ಐಸಿಎಲ್‌ನವರಲ್ಲ, ಬೋರ್ಡಿನವರು.

ಟಿವಿ ಕೈಗೆ ವೇಳಾಪಟ್ಟಿ ಹೋದರೆ ಏನಾಗುತ್ತದೆ ಅಂತ ನೋಡಬೇಕಾ? 1981ರ ಫೆಬ್ರವರಿ 1, ಮೆಲ್ಬರ್ನ್. ರಾಜಿ ಆದ ಮೇಲೆ ಶುರುವಾದ ತ್ರಿಕೋನ ಸರಣಿಯ ಫೈನಲ್, ಅದೂ ಐದರಲ್ಲಿ ಮೂರು ಗೆಲ್ಲಬೇಕಾದ ಫೈನಲ್. ಕೊನೇ ಚೆಂಡಿಗೆ ಸಿಕ್ಸರ್ ಹೊಡೆದರೆ ನ್ಯೂಜಿಲೆಂಡ್‌ಗೆ ಟೈ. ಆಸ್ಟ್ರೇಲಿಯಾ ಕ್ಯಾಪ್ಟನ್ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರ್ ಕೈಲಿ ಚೆಂಡನ್ನು ನೆಲದ ಮೇಲೆ ಉರುಳಿಸಿದ. ಬಿಡುವಿಲ್ಲದೆ ಆಡಿ ಆಡಿ ತಲೆ ಕೆಟ್ಟಿತ್ತು ಅಂತ ಆಮೇಲೆ ಅವನೇ ಹೇಳಿಕೊಂಡ. ಅಂಡರ್‌ಆರ್ಮ್ ಬೌಲಿಂಗ್ ನಿಷೇಧ ಆಯಿತು, ವೇಳಾಪಟ್ಟಿ ಹಾಗೇ ಇತ್ತು.

ದಾಖಲೆ ವಿಷಯ. ಇಲ್ಲ, ಟೆಸ್ಟ್ ಲೆಕ್ಕಕ್ಕೆ ಸೇರಿಲ್ಲ. ಸೂಪರ್‌ಟೆಸ್ಟ್‌ಗಳಲ್ಲಿ ಲಿಲ್ಲಿ 67 ವಿಕೆಟ್ ತೆಗೆದ. ಅವನ 355ರಲ್ಲಿ ಅವು ಇಲ್ಲ. ಅದಕ್ಕಿಂತ ಕಷ್ಟದ ಕ್ರಿಕೆಟ್ ತಾವು ಆಡಲೇ ಇಲ್ಲ ಅಂತ ಆಡಿದವರು ಇವತ್ತಿಗೂ ಹೇಳುತ್ತಾರೆ. ಆದರೆ ಅದೇ ಬೇಸಿಗೆಯಲ್ಲಿ ಸಿಂಪ್ಸನ್ ಹುಡುಗರ ಮೇಲೆ ಚಂದ್ರ ತೆಗೆದ 28 ಅವರ 242ರಲ್ಲಿ ಇವೆ. ಇದು ಅನ್ಯಾಯ ಅಂತ ಯಾರಾದರೂ ಆಸ್ಟ್ರೇಲಿಯಾದವರು ವಾದಕ್ಕೆ ಬಂದರೆ ನನ್ನ ಹತ್ತಿರ ಕಳಿಸಿ.